ಗೊಂಬೆ ಮನೆಗೆ ಐದು ಸ್ಟಾರ್, ಈ ಪುಸ್ತಕಕ್ಕೆ ಎರಡು

ಮೊದಲೇ ಹೇಳಿಬಿಡುತ್ತೇನೆ, ಐದು ಸ್ಟಾರ್ ನಾಟಕಕ್ಕೆ. ಪುಸ್ತಕಕ್ಕೆ ಎರಡು. ಅದೂ ಅಕ್ಷರ ದಪ್ಪಗಿದೆ, ಕನ್ನಡಕ ಹುಡುಕದೆ ಓದಬಹುದು ಅನ್ನುವ ಒಂದೇ ಕಾರಣಕ್ಕೆ.

ತರಿಸಿದ್ದು ನಾರ್ವೆಯ ನಾಟಕಕಾರ ಹೆನ್ರಿಕ್ ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’. ಹಳೆಯ ಇಂಗ್ಲಿಷ್ ಅನುವಾದವೊಂದನ್ನು ಯಾರೋ ಪ್ರಕಾಶಕರು ಮತ್ತೆ ಅಚ್ಚು ಹಾಕಿದ್ದಾರೆ. ತೆಳ್ಳನೆ ಪುಸ್ತಕ. ಒಂದು ಸಲ ಓದಿ ಮುಗಿಸುವಷ್ಟರಲ್ಲಿ ಬೆನ್ನಿನ ಅಂಟು ಬಿಟ್ಟು ಮೂರನೇ ಅಂಕದ ಹಾಳೆಗಳು ಕೈಗೆ ಬಂದವು. ಮುನ್ನುಡಿ ಇಲ್ಲ, ಟಿಪ್ಪಣಿ ಇಲ್ಲ, ಅನುವಾದ ಯಾವ ಇಸವಿಯದು ಅಂತಲೂ ಇಲ್ಲ. ಹಿಂಬದಿಯ ರಟ್ಟಿನ ಮೇಲೆ ಮಾತ್ರ, ನೋರಾ ಕೊನೆಗೆ ಏನು ಮಾಡುತ್ತಾಳೆ ಅಂತ ಮೊದಲ ಸಾಲಿನಲ್ಲೇ ಬರೆದು ಪುಣ್ಯ ಕಟ್ಟಿಕೊಂಡಿದ್ದಾರೆ. ನಾನೂ ಕೆಳಗೆ ಎಲ್ಲ ಹೇಳುವವಳೇ. ಕಥೆ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಓದುವ ಮುಂಚೆ ನನಗೆ ಗೊತ್ತಿದ್ದದ್ದೂ ಆ ಕೊನೆ ಅಷ್ಟೇ. ಗಂಡ ಗೊಂಬೆ ಥರ ಇಟ್ಟುಕೊಂಡಿದ್ದ, ಹೆಂಡತಿಗೆ ಕಣ್ಣು ತೆರೆಯಿತು, ಎದ್ದು ಹೊರಟಳು, ಬಾಗಿಲು ಧಡಾರ್. ಓದಿದ ಮೇಲೆ ಅನಿಸಿದ್ದು ಬೇರೆ. ನೋರಾ ಗೊಂಬೆಯೇ ಅಲ್ಲ. ಗೊಂಬೆಯ ಪಾತ್ರ ಮಾಡುವುದರಲ್ಲಿ ಪಳಗಿದವಳು. ಎಂಟು ವರ್ಷದಿಂದ ಮಾಡುತ್ತಿದ್ದಾಳೆ, ಒಂದು ದಿನ ರಜೆ ಇಲ್ಲದೆ. ಆ ಮನೆ ನಿಂತಿರುವುದೇ ಆ ಪಾತ್ರದ ಮೇಲೆ.

ಹೆಸರಿನ ಬಗ್ಗೆ ಒಂದು ಮಾತು. ಮೂಲ ಹೆಸರು ‘ಎಟ್ ಡುಕ್ಕೆಯೆಮ್’. ಯೆಮ್ ಅಂದರೆ ನಾವು ‘ಮನೆಗೆ ಹೋಗೋಣ’ ಅನ್ನುವಾಗಿನ ಮನೆ, ಇಟ್ಟಿಗೆ ಗೋಡೆಯ ಮನೆ ಅಲ್ಲ. ಇಂಗ್ಲಿಷಿನ ‘ಹೌಸ್’ ಇಟ್ಟಿಗೆಯ ಕಡೆಗೆ ವಾಲಿದೆ. ಕನ್ನಡದಲ್ಲಿ ‘ಗೊಂಬೆ ಮನೆ’ ಅಂದುಬಿಟ್ಟರೆ ಎರಡೂ ಬಂತು. ನಮಗೆ ಈ ತಾಪತ್ರಯ ಇಲ್ಲ.

ಶುರುವಾಗುವುದು ಕ್ರಿಸ್ಮಸ್ ಹಿಂದಿನ ದಿನ. ನೋರಾ ಸಾಮಾನು ಹೊತ್ತು ಒಳಗೆ ಬರುತ್ತಾಳೆ, ಕೂಲಿಯವನು ಕ್ರಿಸ್ಮಸ್ ಮರ ತಂದಿದ್ದಾನೆ. ಎಷ್ಟು ಅಂತ ಕೇಳುತ್ತಾಳೆ. 50 ಓರೆ ಅನ್ನುತ್ತಾನೆ. ಒಂದು ಕ್ರೋನ್ ಕೊಟ್ಟು ಉಳಿದದ್ದು ನೀನೇ ಇಟ್ಟುಕೋ ಅನ್ನುತ್ತಾಳೆ. 100 ಓರೆಗೆ ಒಂದು ಕ್ರೋನ್, ಅಂದರೆ ಕೇಳಿದ್ದಕ್ಕೆ ಎರಡರಷ್ಟು. ಪರದೆ ಎದ್ದು ಅರ್ಧ ನಿಮಿಷ ಆಗಿಲ್ಲ, ದುಡ್ಡು ಬಂತು. ಮೂರೂ ಅಂಕ ಸುತ್ತುವುದು ಈ ದುಡ್ಡಿನ ಸುತ್ತಲೇ.

ನನ್ನ ಪುಸ್ತಕದಲ್ಲಿ ಏನಿದೆ ಗೊತ್ತಾ? ಸಿಕ್ಸ್‌ಪೆನ್ಸ್ ಮತ್ತು ಶಿಲ್ಲಿಂಗ್! ನಾರ್ವೆಯ ಕೂಲಿಯವನಿಗೆ ಇಂಗ್ಲೆಂಡಿನ ಚಿಲ್ಲರೆ. ಸಾಲದ ಮೊತ್ತವೂ 250 ಪೌಂಡ್ ಆಗಿದೆ. ಇದೇನು ದೊಡ್ಡ ವಿಷಯ ಅನ್ನಬೇಡಿ. ಮೂಲದಲ್ಲಿ ನೋರಾ ತನ್ನ ಸಾಲವನ್ನು 1,200 ಸ್ಪೆಸಿಡಾಲರ್, 4,800 ಕ್ರೋನರ್ ಅಂತ ಎರಡೆರಡು ಲೆಕ್ಕದಲ್ಲಿ ಹೇಳುತ್ತಾಳೆ. ಯಾಕೆಂದರೆ ನಾರ್ವೆ 1875ರಲ್ಲಿ ಹಣ ಬದಲಾಯಿಸಿತು, ಒಂದು ಹಳೆಯ ಡಾಲರಿಗೆ ನಾಲ್ಕು ಹೊಸ ಕ್ರೋನರ್. ಇವಳು ಸಾಲ ಮಾಡಿದ್ದು ಹಳೆಯ ದುಡ್ಡಿನ ಕಾಲದಲ್ಲಿ, ತೀರಿಸುತ್ತಿರುವುದು ಹೊಸ ದುಡ್ಡಿನಲ್ಲಿ. ಆ ಒಂದು ಸಾಲಿನಲ್ಲೇ ಎಷ್ಟು ವರ್ಷದಿಂದ ಈ ಭಾರ ಹೊತ್ತಿದ್ದಾಳೆ ಅಂತ ಗೊತ್ತಾಗುತ್ತದೆ. ಪೌಂಡ್ ಮಾಡಿದವರು ಅದನ್ನು ಅಳಿಸಿ ಹಾಕಿದ್ದಾರೆ. ಒಂದು ಅಡಿಟಿಪ್ಪಣಿ ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಸರಿ, ಸಾಲ ಯಾಕೆ ಮಾಡಿದಳು? ಮದುವೆಯಾದ ಹೊಸದರಲ್ಲಿ ಗಂಡ ಟೊರ್ವಾಲ್ಡ್‌ಗೆ ಪ್ರಾಣಕ್ಕೆ ಬರುವಂಥ ಕಾಯಿಲೆ. ಬಿಸಿಲಿನ ದೇಶಕ್ಕೆ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಕಷ್ಟ ಅಂತ ಡಾಕ್ಟರುಗಳು ಹೇಳಿದ್ದು ಅವಳಿಗೆ, ಅವನಿಗಲ್ಲ. ಅವನೋ ಸಾಲ ಅಂದರೆ ಸಿಡಿಮಿಡಿ. ಅಪ್ಪ ಕೊಟ್ಟ ದುಡ್ಡು ಅಂತ ಸುಳ್ಳು ಹೇಳಿ ಇಟಲಿಗೆ ಕರೆದುಕೊಂಡು ಹೋದಳು. ಅವನು ಗುಂಡಾಗಿ ವಾಪಸ್ ಬಂದ. ಆಮೇಲಿನ ಕಂತೆಲ್ಲ ಇವಳ ತಲೆ ಮೇಲೆ. ಬಟ್ಟೆಗೆ ಅಂತ ಗಂಡ ಕೊಟ್ಟ ದುಡ್ಡಿನಲ್ಲಿ ಅರ್ಧ ಉಳಿಸುತ್ತಾಳೆ. ಒಂದು ಚಳಿಗಾಲದಲ್ಲಂತೂ ರಾತ್ರಿ ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಬರೆಯುವ ಕೆಲಸ ಮಾಡಿದ್ದಾಳೆ, ಬೇರೆಯವರ ಕಾಗದಪತ್ರದ ನಕಲು. ಗಂಡನಿಗೆ ಹೇಳಿದ್ದು ಏನು? ಕ್ರಿಸ್ಮಸ್ ಮರಕ್ಕೆ ಹೂವು ಮಾಡುತ್ತಿದ್ದೇನೆ ಅಂತ. ಹೂವು ಎಲ್ಲಿ ಅಂದರೆ, ಬೆಕ್ಕು ಬಂದು ಎಲ್ಲ ಚಿಂದಿ ಮಾಡಿಬಿಟ್ಟಿತು! ಪಾಪ ಟೊರ್ವಾಲ್ಡ್, ಅವಳನ್ನೇ ಸಮಾಧಾನ ಮಾಡಿದ್ದಾನೆ. ಆ ರಾತ್ರಿಗಳ ಬಗ್ಗೆ ಗೆಳತಿಗೆ ಹೇಳುವಾಗ, ಸುಸ್ತಾಗುತ್ತಿತ್ತು ನಿಜ, ಆದರೆ ಕೂತು ದುಡಿದು ಸಂಪಾದಿಸೋದು ಖುಷಿ ಕೊಡುತ್ತಿತ್ತು, ಗಂಡಸಾದ ಹಾಗೇ ಅನಿಸುತ್ತಿತ್ತು ಅನ್ನುತ್ತಾಳೆ. ಬಾಗಿಲು ಬಡಿಯುವ ದೃಶ್ಯ ಎಲ್ಲರಿಗೂ ಗೊತ್ತು. ನನಗೆ ನೋರಾ ಮನೆ ಬಿಟ್ಟಿದ್ದು ಈ ಮಾತಿನಲ್ಲೇ ಅನಿಸಿತು.

ಇನ್ನು ಆ ಸಹಿ. ಹೆಂಡತಿ ಗಂಡನ ಒಪ್ಪಿಗೆ ಇಲ್ಲದೆ ಸಾಲ ಮಾಡುವ ಹಾಗಿಲ್ಲ. ನಾರ್ವೆಯಲ್ಲಿ ಮದುವೆಯಾಗದ ಹೆಂಗಸರಿಗೆ 1863ರಲ್ಲೇ ತಮ್ಮ ವ್ಯವಹಾರ ತಾವು ನೋಡಿಕೊಳ್ಳುವ ಹಕ್ಕು ಸಿಕ್ಕಿತ್ತು, ಮದುವೆಯಾದವರಿಗೆ ಸಿಕ್ಕಿದ್ದು 1888ರಲ್ಲಿ, ಅಂದರೆ ಈ ನಾಟಕ ಬಂದು ಒಂಬತ್ತು ವರ್ಷ ಆದ ಮೇಲೆ. ತಲೆಬುಡ ಇಲ್ಲದ ನಿಯಮ ನೋಡಿ, ಮದುವೆಯಾದ ಕೂಡಲೇ ಬುದ್ಧಿ ಕಮ್ಮಿಯಾಗುತ್ತದೆ ಅಂತ ಲೆಕ್ಕ. ಹಾಗಾಗಿ ಅಪ್ಪನ ಜಾಮೀನು ಬೇಕಿತ್ತು. ಅಪ್ಪ ಸಾಯುವ ಸ್ಥಿತಿಯಲ್ಲಿದ್ದರು. ಅವರನ್ನು ಕೇಳಿ ನೋಯಿಸುವುದೇಕೆ ಅಂತ ಇವಳೇ ಸಹಿ ಹಾಕಿಬಿಟ್ಟಳು. ಸಾಲ ಕೊಟ್ಟ ಕ್ರೋಗ್‌ಸ್ಟಾಡ್ ಪತ್ರವನ್ನು ಮುಂದಿಟ್ಟು ಕೇಳುತ್ತಾನೆ, ನಿಮ್ಮ ತಂದೆ ತೀರಿಕೊಂಡಿದ್ದು ಸೆಪ್ಟೆಂಬರ್ 29, ಸಹಿ ಮಾಡಿದ್ದು ಅಕ್ಟೋಬರ್ 2, ಇದು ಹೇಗೆ? ಸತ್ತು ಮೂರು ದಿನ ಆದ ಮೇಲೆ ಸಹಿ! ನೋರಾ ಸುಳ್ಳು ಹೇಳಲ್ಲ, ಅದು ನನಗೆ ಆಶ್ಚರ್ಯ. ಬೆಕ್ಕಿನ ಕಥೆ ಕಟ್ಟಿದವಳು, ಗಂಡ ಬೇಡ ಅಂದಿದ್ದ ಮ್ಯಾಕರೂನ್ ಬಿಸ್ಕತ್ತಿನ ಪೊಟ್ಟಣ ಜೇಬಿನಲ್ಲಿಟ್ಟುಕೊಂಡು ಇಲ್ಲಪ್ಪಾ ತಿಂದೇ ಇಲ್ಲ ಅಂತ ಗಂಡನ ಮುಂದೆ ನಿಂತವಳು, ಇಲ್ಲಿ ಮಾತ್ರ ತಲೆ ಎತ್ತಿ ಹೌದು ನಾನೇ ಹಾಕಿದೆ ಅನ್ನುತ್ತಾಳೆ. ನಾಚಿಕೆ ಇಲ್ಲ. ಗಂಡನ ಜೀವ ಉಳಿಸಿದ್ದಕ್ಕೆ ಯಾವ ಕಾನೂನು ಶಿಕ್ಷೆ ಕೊಡುತ್ತದೆ ಅನ್ನುವ ಧೈರ್ಯ.

ಈಗ ಟೊರ್ವಾಲ್ಡ್. ಈ ನಾಟಕವನ್ನು ಮನಸ್ಸಿನಲ್ಲೇ ಓದಬೇಡಿ, ಯಾರ ಜೊತೆಗಾದರೂ ಕೂತು ಗಟ್ಟಿಯಾಗಿ ಓದಿ. ನಾನು ನಮ್ಮನೆಯವರನ್ನು ಹಿಡಿದು ಕೂರಿಸಿದೆ. ಅವರು ಟೊರ್ವಾಲ್ಡ್, ನಾನು ನೋರಾ, ಉಳಿದವರನ್ನು ಹಂಚಿಕೊಂಡೆವು. ಇಂಗ್ಲಿಷಿನಲ್ಲಿ ಶುರು ಮಾಡಿ ಎರಡು ಪುಟಕ್ಕೆಲ್ಲ ನೋಡಿಕೊಂಡು ಕನ್ನಡದಲ್ಲೇ ಹೇಳತೊಡಗಿದೆವು. ನನ್ನ ಭಾರದ್ವಾಜ ಹಕ್ಕಿಯೇ, ನನ್ನ ಅಳಿಲೇ, ಎಲ್ಲಿ ನನ್ನ ದುಂದುಗಾತಿ... ಅವರಿಗೆ ನಗು ತಡೆಯಲು ಆಗುತ್ತಿರಲಿಲ್ಲ. ಟೊರ್ವಾಲ್ಡ್ ಕೆಟ್ಟವನಲ್ಲ, ಅದೇ ಕಷ್ಟ. ಕುಡಿದು ಹೊಡೆಯುವವನಾಗಿದ್ದರೆ ನಾಟಕ ಒಂದನೇ ಅಂಕಕ್ಕೇ ಮುಗಿಯುತ್ತಿತ್ತು. ಇವನು ಮುದ್ದು ಮಾಡುತ್ತಾನೆ, ಕೇಳಿದರೆ ದುಡ್ಡು ಕೊಡುತ್ತಾನೆ, ಕೊಡುವಾಗ ಬುದ್ಧಿವಾದವನ್ನೂ ಸೇರಿಸಿಯೇ ಕೊಡುತ್ತಾನೆ. ಮೂರನೇ ಅಂಕದಲ್ಲಿ ಒಂದಿಷ್ಟು ಷಾಂಪೇನ್ ಏರಿಸಿಕೊಂಡು ಬಂದು ನೋರಾಳ ಗೆಳತಿಗೆ, ನೀವು ಹೆಣೆಯುವುದನ್ನು ಬಿಟ್ಟು ಕಸೂತಿ ಹಾಕಿ, ನೋಡೋಕೆ ಚೆಂದ ಅಂತ ಕೈ ಆಡಿಸಿ ತೋರಿಸುತ್ತಾನೆ. ಇಂಥವರನ್ನು ನೀವೂ ನೋಡಿರುತ್ತೀರಿ, ಅಲ್ವಾ? ಸುಮ್ನೆ ಎಲ್ಲದಕ್ಕೂ ಒಂದು ಅಭಿಪ್ರಾಯ.

ಕನ್ನಡದಲ್ಲಿ ಓದಿದ್ದಕ್ಕೆ ಒಂದು ಲಾಭ ಆಯಿತು. ಟೊರ್ವಾಲ್ಡ್ ಬ್ಯಾಂಕಿಗೆ ಹೊಸ ಮ್ಯಾನೇಜರ್ ಆಗುವವನು. ಕ್ರೋಗ್‌ಸ್ಟಾಡ್ ಅದೇ ಬ್ಯಾಂಕಿನ ನೌಕರ. ಕೆಲಸ ಹೋದರೆ ಸಾಲದ ಗುಟ್ಟು ರಟ್ಟು ಮಾಡುತ್ತೇನೆ ಅಂತ ನೋರಾಳನ್ನು ಬೆದರಿಸಿದ್ದಾನೆ, ಹಾಗಾಗಿ ಅವನನ್ನು ಕೆಲಸದಿಂದ ತೆಗೆಯಬೇಡಿ ಅಂತ ಅವಳು ಗೋಗರೆಯುತ್ತಾಳೆ. ಟೊರ್ವಾಲ್ಡ್ ಮೊದಲು ನೀತಿ, ನ್ಯಾಯ ಎಲ್ಲ ಹೇಳಿ, ಕೊನೆಗೆ ನಿಜವಾದ ಕಾರಣ ಕಕ್ಕುತ್ತಾನೆ. ಇಬ್ಬರೂ ಹಳೆಯ ಗೆಳೆಯರು, ಆ ಸಲಿಗೆಯಲ್ಲಿ ಅವನು ಎಲ್ಲರೆದುರೂ ಏಕವಚನದಲ್ಲಿ ಕರೆಯುತ್ತಾನೆ, ನನಗೆ ಸಹಿಸೋಕೆ ಆಗಲ್ಲ! ಇಂಗ್ಲಿಷಿನಲ್ಲಿ ಇದು ‘ಓಲ್ಡ್ ಫೆಲೋ’ ಅಂತ ಏನೋ ಸಪ್ಪೆ ಆಗಿದೆ. ಆ ಕಾಲದ ಅವರ ಭಾಷೆಯಲ್ಲಿ ನಮ್ಮ ನೀನು, ನೀವು ಥರವೇ ಎರಡು ಇತ್ತು. ಮ್ಯಾನೇಜರನ್ನು ‘ಏನಯ್ಯಾ, ನೀನು’ ಅಂದರೆ ಹೇಗಿರುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಸಣ್ಣ ಮನಸ್ಸಾ ಅಂತ ನೋರಾ ಬಾಯಿ ತಪ್ಪಿ ಅಂದದ್ದೇ ತಡ, ಸಣ್ಣ ಮನಸ್ಸಾ ನನ್ನದು ಅಂತ ಕೆಲಸದವಳನ್ನು ಕೂಗಿ ವಜಾ ಮಾಡಿದ ಪತ್ರವನ್ನು ಆಗಲೇ ಕಳಿಸಿಬಿಡುತ್ತಾನೆ. ಒಬ್ಬನ ಕೆಲಸ ಹೋಯಿತು, ಒಂದು ಸಂಸಾರ ಮುಳುಗುವುದಕ್ಕೆ ದಾರಿಯಾಯಿತು, ಎಲ್ಲ ಒಂದು ‘ನೀನು’ ಇಂದ.

ಗೆಳತಿ ಶ್ರೀಮತಿ ಲಿಂಡೆಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಗಂಡ ಸತ್ತವಳು, ದುಡಿದು ದುಡಿದು ಬಸವಳಿದವಳು, ಒಂದು ಕಾಲಕ್ಕೆ ಕ್ರೋಗ್‌ಸ್ಟಾಡ್‌ನನ್ನು ಪ್ರೀತಿಸಿ ಮನೆಯ ಕಷ್ಟಕ್ಕೆ ಬೇರೆಯವನನ್ನು ಕಟ್ಟಿಕೊಂಡವಳು. ಕೊನೆಗೆ ಅವರಿಬ್ಬರೂ ಒಂದಾಗುತ್ತಾರೆ. ನನಗೆ ಆ ದೃಶ್ಯ ಅಷ್ಟು ಒಪ್ಪಲಿಲ್ಲ. ಎರಡು ಅಂಕ ಹಲ್ಲು ಕಡಿದವನು ಹತ್ತು ನಿಮಿಷಕ್ಕೆ ಕರಗಿ ನೀರಾಗುವುದು ಜಾಸ್ತಿ ಆಯಿತು. ಮಕ್ಕಳನ್ನು ನೋಡಿಕೊಳ್ಳುವ ಮುದುಕಿ ಆನ್ನೆ ಮರಿಯೆಗೆ ಸಿಗುವುದು ಒಂದೇ ಪುಟ, ಆದರೆ ಅದು ಮನಸ್ಸಿನಿಂದ ಹೋಗಲ್ಲ. ನೋರಾಗೆ ಹಾಲೂಡಿಸಿ ಸಾಕಿದವಳೇ ಅವಳು, ಅದಕ್ಕಾಗಿ ತನ್ನ ಮಗಳನ್ನು ಬೇರೆಯವರ ಕೈಗೆ ಕೊಟ್ಟು ಬಂದವಳು. ಮಗಳು ನಿನ್ನ ಮರೆತಿರಬೇಕು ಅಂದರೆ, ಇಲ್ಲಪ್ಪ, ಎರಡು ಸಲ ಕಾಗದ ಬರೆದಿದ್ದಾಳೆ ಅನ್ನುತ್ತಾಳೆ. ಚರ್ಚಿನಲ್ಲಿ ದೃಢೀಕರಣ ಆದಾಗ ಒಂದು, ಮದುವೆಯಾದಾಗ ಒಂದು. ಅಷ್ಟೇ. ನೋರಾ ಮಕ್ಕಳನ್ನು ಬಿಟ್ಟು ಹೋದದ್ದಕ್ಕೆ ಜಗತ್ತೆಲ್ಲ ಬಾಯಿ ಬಡಿದುಕೊಂಡಿತು, ಬಡತನಕ್ಕೆ ಮಗಳನ್ನು ಬಿಟ್ಟ ಈ ಹೆಂಗಸಿನ ಬಗ್ಗೆ ಯಾರೂ ಕೇಳಲಿಲ್ಲ.

ಎರಡನೇ ಅಂಕ ಎಲ್ಲಕ್ಕಿಂತ ಚೆನ್ನಾಗಿದೆ. ಡಾಕ್ಟರ್ ರಾಂಕ್ ಮನೆಯ ಆಪ್ತ ಗೆಳೆಯ, ಬೆನ್ನುಹುರಿಯ ಕಾಯಿಲೆ, ಜಾಸ್ತಿ ದಿನ ಇಲ್ಲ. ಸಂಜೆ ಕತ್ತಲಾಗುತ್ತಿದೆ. ನೋರಾ ಅವನ ಹತ್ತಿರ ಸಾಲ ತೀರಿಸಲು ದುಡ್ಡು ಕೇಳುವ ಅಂದಾಜಿನಲ್ಲಿ ಇದ್ದಾಳೆ. ತನ್ನ ರೇಷ್ಮೆ ಕಾಲುಚೀಲ ತೆಗೆದು ತೋರಿಸಿ ಆಟ ಆಡಿಸುತ್ತಾಳೆ, ಗಂಡನಿಗೆ ಮಾಡುವ ಅದೇ ಚೆಲ್ಲಾಟ, ಬೇರೆ ವಿದ್ಯೆ ಅವಳಿಗೆ ಯಾರು ಕಲಿಸಿದ್ದರು? ಇನ್ನೇನು ಕೇಳಬೇಕು, ಅಷ್ಟರಲ್ಲಿ ಅವನು ನಿನ್ನ ಮೇಲೆ ಪ್ರೀತಿ ಅಂದುಬಿಡುತ್ತಾನೆ. ಅವಳು ಎದ್ದು ಹೋಗಿ, ದೀಪ ತೆಗೆದುಕೊಂಡು ಬಾ ಅಂತ ಕೆಲಸದವಳನ್ನು ಕೂಗುತ್ತಾಳೆ. ದೀಪ ಬಂತು. ದುಡ್ಡಿನ ಮಾತು ಅಲ್ಲಿಗೆ ಸತ್ತಿತು. ಪ್ರೀತಿ ಅಂತ ಹೇಳಿಕೊಂಡವನಿಂದ ದುಡ್ಡು ತೆಗೆದುಕೊಳ್ಳಲು ಅವಳಿಗೆ ಆಗಲ್ಲ. ಒಬ್ಬರೂ ಅವಳಿಗೆ ಗೆರೆ ಎಳೆದು ಕೊಟ್ಟಿಲ್ಲ, ತಾನೇ ಎಳೆದುಕೊಂಡಳು. ನಾನು ಈ ಪುಟ ಮೂರು ಸಲ ಓದಿದೆ.

ಅದೇ ಅಂಕದ ಕೊನೆಗೆ ಟಾರಂಟೆಲ್ಲಾ, ಇಟಲಿಯ ಬಿರುಸಿನ ಕುಣಿತ, ಮರುದಿನದ ಪಾರ್ಟಿಗೆ ಅಭ್ಯಾಸ. ಟಪಾಲು ಪೆಟ್ಟಿಗೆಯಲ್ಲಿ ಕ್ರೋಗ್‌ಸ್ಟಾಡ್‌ನ ಪತ್ರ ಬಿದ್ದಿದೆ, ಬೀಗದ ಕೈ ಗಂಡನ ಹತ್ತಿರ ಮಾತ್ರ. ಅವನು ಆ ಕಡೆ ಹೋಗದಂತೆ ತಡೆಯಲು ಕೂದಲು ಬಿಚ್ಚಿಹೋಗುವ ಹಾಗೆ ಕುಣಿಯುತ್ತಾಳೆ. ಆಮೇಲೆ ಊಟಕ್ಕೆ ಮ್ಯಾಕರೂನ್ ಕೂಡ ಇರಲಿ, ತುಂಬಾ ಇರಲಿ ಅಂತ ಕೂಗಿ ಹೇಳುತ್ತಾಳೆ. ಇಷ್ಟು ದಿನ ಕದ್ದು ತಿಂದದ್ದು ಇವತ್ತು ಬಹಿರಂಗ. ಎಲ್ಲರೂ ಒಳಗೆ ಹೋದ ಮೇಲೆ ಒಬ್ಬಳೇ ನಿಂತು ಗಡಿಯಾರ ನೋಡಿ ಲೆಕ್ಕ ಹಾಕುತ್ತಾಳೆ. ಈಗ ಐದು ಗಂಟೆ. ಮಧ್ಯರಾತ್ರಿಗೆ ಏಳು ತಾಸು. ಇನ್ನೊಂದು ಮಧ್ಯರಾತ್ರಿಗೆ ಇಪ್ಪತ್ನಾಲ್ಕು. ಬದುಕಲು 31 ತಾಸು. ಕಂತಿನ ಲೆಕ್ಕ ಹಾಕಿ ಹಾಕಿ ಅಭ್ಯಾಸವಾದವಳು ಸಾವನ್ನೂ ಕೂಡಿಸಿ ಕಳೆಯುತ್ತಾಳೆ.

ಮೂರನೇ ಅಂಕ. ಪಾರ್ಟಿಯಿಂದ ಬಂದ ಟೊರ್ವಾಲ್ಡ್, ನಿನಗೇನಾದರೂ ಗಂಡಾಂತರ ಬರಬೇಕು, ನಾನು ನನ್ನದೆಲ್ಲ ಪಣಕ್ಕಿಟ್ಟು ಕಾಪಾಡಬೇಕು ಅಂತ ಎಷ್ಟೋ ಸಲ ಅನಿಸುತ್ತದೆ ಅನ್ನುತ್ತಾನೆ. ಸರಿ, ಪತ್ರ ಓದಿ ಅನ್ನುತ್ತಾಳೆ ಅವಳು. ಓದಿದ. ಗಂಡಾಂತರ ಬಂತು. ಕಾಪಾಡಿದನಾ? ಸುಳ್ಳುಗಾತಿ, ಅಪರಾಧಿ, ಮಕ್ಕಳನ್ನು ಮುಟ್ಟಕೂಡದು. ಆಮೇಲೆ ಕ್ರೋಗ್‌ಸ್ಟಾಡ್‌ನಿಂದಲೇ ಇನ್ನೊಂದು ಪತ್ರ, ಸಾಲಪತ್ರ ವಾಪಸ್. ‘ಬದುಕಿದೆ, ನೋರಾ, ನಾನು ಬದುಕಿದೆ!’ ಅಂತ ಕೂಗುತ್ತಾನೆ. ‘ನಾನು?’ ಅಂತ ಅವಳು ಕೇಳುತ್ತಾಳೆ. ನೀನೂ ಬದುಕಿದೆ ಅನ್ನು ಅಂತಾನೆ.

ಈ ಸಾಲು ಬಂದಾಗ ನಮ್ಮನೆಯವರು ಓದುವುದನ್ನು ನಿಲ್ಲಿಸಿದರು. ಅಷ್ಟು ಹೊತ್ತು ನಗುತ್ತಿದ್ದವರು. ನೀರು ಕುಡಿದು ಬರುತ್ತೇನೆ ಅಂತ ಎದ್ದು ಹೋದರು.

ಅವಳು ಪಾರ್ಟಿಯ ವೇಷ ಕಳಚಿ ದಿನನಿತ್ಯದ ಬಟ್ಟೆ ಹಾಕಿಕೊಂಡು ಬಂದು ಕೂತುಕೋ ಅನ್ನುತ್ತಾಳೆ. ಎಂಟು ವರ್ಷದಲ್ಲಿ ನಾವಿಬ್ಬರೂ ಗಂಭೀರವಾಗಿ ಮಾತಾಡುವುದು ಇದೇ ಮೊದಲು. ಅಪ್ಪನ ಮನೆಯಲ್ಲಿ ಗೊಂಬೆ ಮಗಳು, ನಿನ್ನ ಮನೆಯಲ್ಲಿ ಗೊಂಬೆ ಹೆಂಡತಿ. ನೀನು ಮೊದಲು ಹೆಂಡತಿ, ತಾಯಿ ಅಂತ ಅವನು. ಮೊದಲು ನಾನು ಮನುಷ್ಯಳು ಅಂತ ಅವಳು. ಕೂಗಾಟ ಇಲ್ಲ. ದುಡ್ಡು ಕಳಿಸಲಾ ಅಂದರೆ ಬೇಡ, ಪರಕೀಯರಿಂದ ತೆಗೆದುಕೊಳ್ಳಲ್ಲ ಅನ್ನುತ್ತಾಳೆ. ಉಂಗುರಗಳು ಕೈ ಬದಲಾಗುತ್ತವೆ. ಕೆಳಗೆ ಬಾಗಿಲು ಮುಚ್ಚುತ್ತದೆ.

1879ರ ಡಿಸೆಂಬರ್ 4ರಂದು ಕೋಪನ್‌ಹೇಗನ್‌ನಲ್ಲಿ ಪುಸ್ತಕ ಬಂತು. 8,000 ಪ್ರತಿ ಒಂದು ತಿಂಗಳೊಳಗೆ ಖಾಲಿ. 21ಕ್ಕೆ ಅಲ್ಲಿನ ರಾಯಲ್ ಥಿಯೇಟರ್‌ನಲ್ಲಿ ಮೊದಲ ಪ್ರಯೋಗ. ಜರ್ಮನಿಯಲ್ಲಿ ಹೆಡ್ವಿಗ್ ನೀಮನ್ ರಾಬೆ ಅನ್ನುವ ನಟಿ, ನಾನು ಮಕ್ಕಳನ್ನು ಬಿಟ್ಟು ಹೋಗುವವಳಲ್ಲ, ಈ ಕೊನೆ ಮಾಡಲ್ಲ ಅಂದಳು. ಬೇರೆ ಯಾರೋ ಕೈ ಹಾಕಿ ಕೆಡಿಸುವುದಕ್ಕಿಂತ ನಾನೇ ಕೆಡಿಸುತ್ತೇನೆ ಅಂತ ಇಬ್ಸೆನ್ ಇನ್ನೊಂದು ಕೊನೆ ಬರೆದುಕೊಟ್ಟ. ಗಂಡ ಅವಳನ್ನು ಮಕ್ಕಳ ಕೋಣೆಯ ಬಾಗಿಲಿಗೆ ಎಳೆದುಕೊಂಡು ಹೋಗುತ್ತಾನೆ, ಅವಳು ಕುಸಿಯುತ್ತಾಳೆ, ಪರದೆ. ತಾನೇ ಬರೆದದ್ದನ್ನು ತಾನೇ ಅನಾಗರಿಕ ಕೃತ್ಯ ಅಂತ ಬೈದ.

ಇಬ್ಸೆನ್ ಕೂಡ ಸಾಚಾ ಅಲ್ಲ. ಲಾರಾ ಕೀಲರ್ ಅಂತ ಅವನಿಗೆ ಗೊತ್ತಿದ್ದ ಲೇಖಕಿ, ಗಂಡನ ಕ್ಷಯಕ್ಕೆ ಹೀಗೇ ಗುಟ್ಟಾಗಿ ಸಾಲ ಮಾಡಿದ್ದಳು. ತೀರಿಸಲು ದಾರಿ ಕಾಣದೆ ತನ್ನ ಹಸ್ತಪ್ರತಿ ಕಳಿಸಿ, ಪ್ರಕಾಶಕರಿಗೆ ಒಂದು ಮಾತು ಹೇಳಿ ಅಂದಳು. ಅವನು ಹೇಳಲಿಲ್ಲ. ಕೊನೆಗೆ ಅವಳನ್ನು ಗಂಡ ಹುಚ್ಚಾಸ್ಪತ್ರೆಗೆ ಹಾಕಿಸಿದ. ನಿಜವಾದ ನೋರಾಗೆ ಬಾಗಿಲು ಬಡಿಯಲು ಸಿಗಲಿಲ್ಲ, ಎರಡು ವರ್ಷದ ನಂತರ ಅದೇ ಗಂಡನ ಮನೆಗೆ ವಾಪಸ್ ಹೋದಳು. ಇದೆಲ್ಲ ಪುಸ್ತಕದ ಮುನ್ನುಡಿಯಲ್ಲಿ ಇರಬೇಕಾದ ವಿಷಯ. ಮದುವೆಯಾದ ಹೆಂಗಸರಿಗೆ ಆಸ್ತಿ ಹಕ್ಕು ಬೇಕು ಅಂತ 1884ರಲ್ಲಿ ಸಹಿ ಹಾಕಿದವರಲ್ಲಿ ಇಬ್ಸೆನ್ ಒಬ್ಬ, ಅದೂ ನಿಜ. 1898ರಲ್ಲಿ ನಾರ್ವೆಯ ಮಹಿಳಾ ಹಕ್ಕುಗಳ ಸಂಘದವರು ಔತಣ ಇಟ್ಟು ಕರೆದರೆ, ನಾನು ನಿಮ್ಮ ಹೋರಾಟಕ್ಕೆ ಅಂತ ಬರೆದದ್ದಲ್ಲ, ಮನುಷ್ಯರ ಬಗ್ಗೆ ಬರೆದೆ ಅಂತ ಹೇಳಿ ಅವರ ಮುಖ ಸಣ್ಣ ಮಾಡಿದ, ಅದೂ ನಿಜ.

ತೆಗೆದುಕೊಳ್ಳುವವರು ಒಂದು ಕೆಲಸ ಮಾಡಿ. ಮೊದಲ ಪುಟ ತೆರೆದು ಕೂಲಿಯವನಿಗೆ ಏನು ಕೊಟ್ಟಳು ನೋಡಿ. ಶಿಲ್ಲಿಂಗ್ ಅಂತಿದ್ದರೆ ಕೆಳಗಿಡಿ, ಕ್ರೋನ್ ಅಂತಿದ್ದರೆ ಕೊಳ್ಳಿ.

ಹೋದ ವಾರ ಮತ್ತೆ ಓದಿದೆವು, ಬಿಟ್ಟ ಹಾಳೆಗಳಿಗೆ ಅಂಟು ಹಾಕಿ. ಈ ಸಲ ಪಾತ್ರ ಅದಲು ಬದಲು. ಅವರು ನೋರಾ, ನಾನು ಟೊರ್ವಾಲ್ಡ್. ಬೆರಳು ಆಡಿಸುತ್ತಾ ‘ಏನು, ನನ್ನ ಅಳಿಲು ಇವತ್ತು ಮಿಠಾಯಿ ಅಂಗಡಿಗೆ ಹೋಗಿತ್ತಾ’ ಅಂತ ಹೇಳಿದೆ. ಎಷ್ಟು ಸಲೀಸಾಗಿ ಬಂತು ಅಂದರೆ, ಪುಸ್ತಕ ನೋಡಲೇ ಇಲ್ಲ.